ಡಬ್ಬಿಯೊಳಗೆ ನೆಟ್ಟಗೆ ನಿಂತವಳು

ವಿಕ್ರೋಳಿ
೧೪ ಮೇ, ಗುರುವಾರ

ನನ್ನ ರಂಜನಾಗೆ ಅವ್ವನ ಆಶೀರ್ವಾದ.

ಫೋನು ಕೈಯಲ್ಲಿರುವಾಗ ಕಾಗದವೇಕೆ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಮಗಳು ಅಕ್ಕು ಕಿವಿಗೊಟ್ಟು ಕೇಳುತ್ತಾಳೆ. ಕನ್ನಡ ಓದಲು ಮಾತ್ರ ಅವಳಿಗೆ ಬಾರದು. ನೀನು ಕಲಿಸಲಿಲ್ಲ, ಇವತ್ತು ಅದೇ ಒಳ್ಳೆಯದಾಯಿತು. ನಾಲ್ಕನೇ ಇಯತ್ತೆ ಓದಿದವಳ ಅಕ್ಷರ, ಸಾವಕಾಶ ಓದು. ನಾಳೆ ಎದುರುಮನೆಯ ಶಾಂತಪ್ಪ ಮಲಾಡಿಗೆ ಕೆಲಸಕ್ಕೆ ಹೋಗುವಾಗ ನಿನ್ನ ಕೈಗೇ ಕೊಡುತ್ತಾನೆ.

ರಜೆಗೆಂದು ಅವಳನ್ನು ಇಲ್ಲಿ ಬಿಡುವಾಗ, ಮನೆಮಂದಿ ಕೂಡಿ ಮಾಡುವ ವಿಜ್ಞಾನದ ಆಟಗಳ ಪುಸ್ತಕ ಕೊಟ್ಟಿದ್ದೆಯಲ್ಲ. ಮನೆಮಂದಿ ಅಂದರೆ ಇಲ್ಲಿ ನಾನೊಬ್ಬಳೇ. ಸೋಮವಾರ ಚಪ್ಪಲಿ ಡಬ್ಬಿಯಲ್ಲಿ ಕ್ಯಾಮೆರಾ ಮಾಡಿದೆವು. ಒಂದು ಬದಿಗೆ ಸಣ್ಣ ತೂತು, ಎದುರು ಬದಿಗೆ ಬಟರ್ ಪೇಪರ್. ನಾನು ಕೌದಿ ಹೊಲಿಯುವ ದಬ್ಬಣ ತಂದರೆ, ಅಜ್ಜಿ, ಇಷ್ಟು ದೊಡ್ಡ ತೂತಿನ್ಯಾಗ ಇಲಿನೂ ಬರತದ ಅಂದಳು. ನಾಲಿಗೆ ನನ್ನದೇ.

ಚಾದರ ಹೊದ್ದು ನೋಡಿದರೆ ಎದುರುಮನೆಗಳ ಮುಂದಿನ ಗ್ಯಾಲರಿ ಪೂರಾ ತಲೆಕೆಳಗು. ಒಣಹಾಕಿದ ಸೀರೆ ಮೇಲಕ್ಕೆ ಜೋತುಬಿದ್ದಿತ್ತು, ಶಾಂತಪ್ಪ ಕಾಲು ಮೇಲೆ ಮಾಡಿ ಚಹಾ ಕುಡಿಯುತ್ತಿದ್ದ. ನಕ್ಕು ನಕ್ಕು ಸಾಕಾಯಿತು. ಆಮೇಲೆ ಅಕ್ಕು ಕೇಳಿದಳು, ಅಜ್ಜಿ, ವೋ ಒಬ್ಬಾಕಿ ಹೆಂಗಸು ಸೀದಾ ಯಾಕ ನಿಂತಾಳ?

ನೋಡಿದೆ. ಮೂಲೆಯಲ್ಲಿ ನೆಟ್ಟಗೆ, ಸೆರಗು ಮುಂದಕ್ಕೆ ಒಡ್ಡಿಕೊಂಡು ಒಬ್ಬಳು. ಚಾದರ ತೆಗೆದರೆ ಗ್ಯಾಲರಿಯಲ್ಲಿ ಆ ಜಾಗ ಖಾಲಿ. ಅಕ್ಕು ಪುಸ್ತಕ ತಿರುವಿ ಹೇಳಿದಳು, ತೂತಿನಿಂದ ಬಂದದ್ದು ಉಲ್ಟಾ ಆಗಲೇಬೇಕಂತೆ. ಉಲ್ಟಾ ಆಗಲಿಲ್ಲ ಅಂದರೆ ಅವಳು ಹೊರಗಿಲ್ಲ, ನಮ್ಮ ಖೋಲಿಯಲ್ಲೇ ಇದ್ದಾಳಂತೆ. ಹಾಗೆಂದು ಬಿಸ್ಕೀಟು ತಿನ್ನುತ್ತ ಕೂತಳು.

ಆ ನಿಲುವನ್ನು ನಾನು ಬಲ್ಲೆ. ನಿನ್ನ ಸೋದರತ್ತೆ ಕಸ್ತೂರಿ. ಪರೇಲಿನ ಆಸ್ಪತ್ರೆಗೆ ಹೊರಟ ದಿನ ಏನೂ ಮಾತಾಡದೆ ಹೋದಳು ಎಂದು ನಿಮಗೆಲ್ಲ ಹೇಳಿದ್ದೆ. ಸುಳ್ಳು. ಹೊಸ್ತಿಲಲ್ಲಿ ಸೆರಗೊಡ್ಡಿ ನಿಂತು, ವೈನಿ, ಹಿಡಿ ಅಕ್ಕಿ ಹಾಕಿ ಉಡಿ ತುಂಬಿ ಕಳಸ್ರಿ, ತಿರುಗಿ ಬರತೇನೊ ಇಲ್ಲೊ ಅಂದಳು. ಮನೆಯ ಹೆಣ್ಣನ್ನು ಬರಿ ಸೆರಗಿನಲ್ಲಿ ಕಳಿಸಬಾರದೆಂದು ಗೊತ್ತಿತ್ತು. ಆದರೂ, ಗಂಡ ಸತ್ತಾಕಿಗೆ ಎಂಥಾ ಉಡಿ ಅಂದುಬಿಟ್ಟೆ. ಅವಳು ಸೆರಗು ಜಾಡಿಸಿ ಇಳಿದು ಹೋದಳು. ತಿರುಗಿ ಬಂದದ್ದು ಹೆಣ. ಆಗ ನಿನ್ನ ಅಪ್ಪ ಇದ್ದರು, ನನಗೆ ಕುಂಕುಮದ ಸೊಕ್ಕು. ಈಗ ನನ್ನ ಹಣೆಯೂ ಬರಿದು.

ನಿನ್ನೆ ಡಬ್ಬಿಯ ಮುಂದೆ ಕುಬಸದ ಖಣ ಹಾಸಿ, ಅಕ್ಕಿ, ಕೊಬ್ಬರಿ ಇಟ್ಟು, ತಪ್ಪಾಯಿತವ್ವಾ ಅಂದೆ. ಇವತ್ತು ನೋಡಿದರೆ ಅವಳಿಲ್ಲ. ಖಣದ ಮೇಲಿನ ಅಕ್ಕಿಯೂ ಇಲ್ಲ. ಬೇಕಾದರೆ ಇಲಿ ಅನ್ನು.

ಶನಿವಾರ ಬಂದು ಅಕ್ಕುವನ್ನು ಕರೆದುಕೊಂಡು ಹೋಗು. ಅವಳು ಹೆದರಿಲ್ಲ. ಹೆದರಿದ್ದು ನಾನು.

ನಿನ್ನ ಬಾಯಿಬಡಕಿ ಅವ್ವ,
ಶಿವಕುಮಾರಿ

ತಾ.ಕ.: ಕಾಗದ ಮಡಿಚುವಾಗ ಅಕ್ಕು, ಅಜ್ಜಿ, ಗ್ಯಾಲರಿಯಾಗ ಹೋಗಿ ನಿಲ್ಲು, ನಿನ್ನೂ ಉಲ್ಟಾ ಮಾಡತೇನಿ ಅಂದಳು. ಹೋಗಿ ಶಾಂತಪ್ಪನ ಪಕ್ಕದಲ್ಲಿ ನಿಂತೆ. ಚಾದರದೊಳಗೆ ಡಬ್ಬಿಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ, ಶಾಂತಪ್ಪಕಾಕಾ ಉಲ್ಟಾ ಆದ, ನೀ ಸೀದಾನೇ ಇದ್ದೀ ಅಜ್ಜಿ ಅಂದಳು. ಶನಿವಾರದ ತನಕ ತಡೆಯಬೇಡ, ಇದನ್ನು ಓದಿದ ಕೂಡಲೇ ಹೊರಡು. ಬರುವಾಗ ನನ್ನ ಉಡಿಗೆ ಒಂದು ಹಿಡಿ ಅಕ್ಕಿ ತಾ. ಗಂಡ ಸತ್ತಾಕಿ ಅಂತ ನೋಡಬೇಡ.