ಮಾವನವರಿಗೆ ಎಲ್ಲ ತಿಳಿಯುತ್ತಿತ್ತು

ಬೈಲಹೊಂಗಲ
೧೪ ನವೆಂಬರ್ ೨೦೨೪

ಅಭಯ ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ನಾವು ನನ್ನ ತವರಿನಲ್ಲಿ ಕ್ಷೇಮ. ನಾವು ಎಂದರೆ ನಾನು ಮತ್ತು ನಿಮ್ಮ ತಂದೆ. ಸ್ಕ್ಯಾನ್ ಮುಗಿಸಿ ಅವರನ್ನು ರಾಮದುರ್ಗಕ್ಕೆ ಕರೆತರದೆ ಇಲ್ಲಿಗೇಕೆ ಒಯ್ದೆ ಎಂದು ಫೋನಿನಲ್ಲಿ ಕೂಗಾಡಿದಿರಿ. ಕಾರಣ ಬರೆಯುತ್ತೇನೆ.

ಲಕ್ವಾ ಹೊಡೆದ ಮೇಲೆ ಮೆದುಳಿನಲ್ಲಿ ರಕ್ತದ ಹರಿವು ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆ ಧಾರವಾಡದಲ್ಲಿ ಡಾಕ್ಟರ್ ಉಮಾಶ್ರೀ ಸಂಶೋಧನೆ ನಡೆಸಿದ್ದಾರೆ. ಮಾವನವರನ್ನು ಯಂತ್ರದೊಳಗೆ ಮಲಗಿಸಿ, ಕಿವಿಗೆ ಒಮ್ಮೆ ಅರ್ಥವಿಲ್ಲದ ಸದ್ದು, ಒಮ್ಮೆ ಕನ್ನಡದ ಮಾತು ಕೇಳಿಸಿದರು. ಆಮೇಲೆ ನನಗೆ ಚಿತ್ರ ತೋರಿಸಿದರು. ಮಾತು ಕೇಳಿದಾಗಲೆಲ್ಲ ಒಂದು ಜಾಗ ಕೆಂಪಗೆ ತುಂಬಿತ್ತು.

“ಮಾತಾಡೋ ಜಾಗಕ್ಕ ಪೆಟ್ಟು ಬಿದ್ದೈತ್ರಿ. ತಿಳಕೊಳ್ಳೋ ಜಾಗಕ್ಕ ರಕ್ತ ನಿಂತೇ ಇಲ್ಲ. ಲಕ್ವಾ ಹೊಡದಾಗ ತಗದ ಮೊದಲನೇ ಸ್ಕ್ಯಾನಿನಾಗೂ ಅದು ಚಲೋನ ಐತಿ,” ಎಂದರು.

“ಹಂಗಂದ್ರ ಮನ್ಯಾಗ ಆಡಿದ್ದೆಲ್ಲಾ?”

“ಎಲ್ಲಾ ತಿಳದಿರತೈತ್ರಿ ಅವರಿಗೆ.”

ನಿಮ್ಮ ಗೆಳೆಯ ಸಂಕೇತ ಊಟಕ್ಕೆ ಬಂದ ದಿನ ನೀವು ಮಾವನವರ ಮಂಚದ ಪಕ್ಕದಲ್ಲೇ ನಿಂತು, ಬಾಯಿ ಸೊಟ್ಟ ಮಾಡಿ, ಜೊಲ್ಲು ಇಳಿಸಿ, ಅವರು ಹಿಂದೆ ಪುರಾಣ ಹೇಳುತ್ತಿದ್ದುದನ್ನು ಅಣಕಿಸಿದಿರಿ. ಊರೆಲ್ಲ ಕೂತು ಕೇಳುತ್ತಿದ್ದ ದನಿ ಅದು. “ಇದಕ್ಕೇನ್ ತಿಳೀತದ? ಉಸರಾಡೋ ಹೆಣಾ,” ಎಂದಿರಿ. ಹೆತ್ತ ತಂದೆ ನಿಮಗೆ ‘ಇದು’! ಅವರ ಕಣ್ಣಲ್ಲಿ ನೀರಿಳಿದಾಗ, “ಲಕ್ವಾದ ಕಣ್ಣು, ಸೋರ್ತಾವ,” ಎಂದು ಟವಲಿನಿಂದ ಒರೆಸಿ, ಅದರಲ್ಲೇ ಬಾಯಿಯನ್ನೂ ಒರೆಸಿಕೊಂಡು ಹೋಳಿಗೆಗೆ ಕೂತಿರಿ.

ಡಾಕ್ಟರ ಮಾತನ್ನು ಕಾರಿನಿಂದಲೇ ಫೋನ್ ಮಾಡಿ ತಿಳಿಸಿದಾಗಲಾದರೂ ನಾಚುತ್ತೀರಿ ಎಂದುಕೊಂಡಿದ್ದೆ. “ಹೌದಾ? ಇನ್ನ ಅವರ ಮುಂದ ನೋಡಿ ಮಾತಾಡಬೇಕಾತಲ್ಲ,” ಎಂದು ನಕ್ಕಿರಿ. ಆ ನಗೆ ಕಿವಿಯಲ್ಲಿ ಇರುವಾಗಲೇ ಕಾರಿನವನಿಗೆ ಸವದತ್ತಿ ದಾರಿ ಬೇಡ, ಬೈಲಹೊಂಗಲಕ್ಕೆ ನಡಿ ಎಂದೆ. ನಿಮ್ಮ ಪಕ್ಕದಲ್ಲಿ ಮಲಗುತ್ತಿದ್ದುದನ್ನು ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ.

ಇಲ್ಲಿ ಮಾವನವರೊಡನೆ ಕೂತು ಮಾತಾಡುತ್ತೇನೆ. ಕಣ್ಣಲ್ಲೇ ಉತ್ತರ ಕೊಡುತ್ತಾರೆ. ನನ್ನನ್ನು ಕರೆಯಲು ಬರಬೇಡಿ.

ಪದ್ಮಜಾ

ತಾ.ಕ.: ನಿನ್ನೆ ಮಾವನವರ ಬಾಯಿಂದ ಮೊದಲ ಮಾತು ಹೊರಟಿತು. ತೊದಲಿದರೂ ಸ್ಪಷ್ಟವಿತ್ತು: “ಅಭ್ಯಾ.” ಸಂಜೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದರು. ಇದನ್ನು ನಿಮಗೆ ತಿಳಿಸಲೇಬಾರದು ಎಂದುಕೊಂಡು ಕಾಗದ ಮುಗಿಸಿದ್ದೆ, ಆಗಲಿಲ್ಲ. ಬಂದು ಅವರನ್ನು ನೋಡಿ ಹೋಗಿ. ನಾನು ಹೊರಗೆ ಬರುವುದಿಲ್ಲ.