ಲುಬೋರ್ ಬರೆಯದ ಒಂದು ಸಾಲು

ಬ್ರನೋ, ಮಂಗಳವಾರ, ನವೆಂಬರ್ ೧೨

ಓ ನನ್ನ ಕೈಯೇ, ಓದದೆ ರುಜು ಹಾಕಿದ ಪಾಪಿ ಕೈಯೇ!

ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂ ಕುಸಿದುಬಿದ್ದರೂ ತೀರಿಹೋದ ನನ್ನ ಗೆಳೆಯ ಲುಬೋರನ ಪ್ರೋಗ್ರಾಂ ಓಡಿಬಂದು ಅದರ ಕೊನೆಯ ಮಾತುಗಳನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಅದೂ ಯಂತ್ರದ ಒಡೆಯನ ಅಧಿಕಾರದಿಂದ. ಆ ಕಡತ ನಿಜವಾದದ್ದೋ, ಯಾರೋ ಇಟ್ಟ ಕಳ್ಳದಾರಿಯೋ ಎಂದು ನೋಡುವ ಒಂದು ಸಾಲು ಅದರಲ್ಲಿಲ್ಲ. ಸಾಮಾನ್ಯ ಬಳಕೆದಾರನೂ ಆ ಬರಹವನ್ನು ಪಾಸ್‌ವರ್ಡ್ ಕಡತದತ್ತ ತಿರುಗಿಸಿ ಯಂತ್ರಕ್ಕೇ ಒಡೆಯನಾಗಬಹುದು. ನಾಳೆ ಮೂರು ಗಂಟೆಗೆ ತಿದ್ದುಪಡಿ ಹೊರಡುವವರೆಗೆ ಈ ದೋಷವನ್ನು ಯಾರಿಗೂ ಹೇಳುವಂತಿಲ್ಲ, ಕಳ್ಳರು ಮೊದಲೇ ನುಗ್ಗಿಬಿಟ್ಟಾರು.

ಮಧ್ಯಾಹ್ನ ಲುಬೋರನ ಹೆಂಡತಿ ಇವೆಟಾ ಬೆಳ್ಳುಳ್ಳಿ ಸೂಪು ಬಡಿಸುತ್ತ ಕೇಳಿದಳು, "ಅವನು ಹೋಗಿ ಎಂಟು ತಿಂಗಳಾಯ್ತು. ಅವನ ಪ್ರೋಗ್ರಾಂ ಇನ್ನೂ ಓಡ್ತಿದೆಯೇನೋ, ಬಾಯಿಬಡುಕ?"

"ಓಡ್ತಿದೆ ಕಣೆ."

"ಅದನ್ನ್ಯಾಕೆ ಇಷ್ಟು ಮೆಲ್ಲಗೆ ಹೇಳ್ತೀಯ? ನಿನ್ನ ಗಂಟಲು ಮೂರು ಬೀದಿಗೆ ಕೇಳ್ಸತ್ತಲ್ಲ!"

ಲುಬೋರ್ ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದ ಕೋಡ್ ಅದು. ನಮ್ಮ ತಂಡದಲ್ಲಿ ಇನ್ನೊಬ್ಬ ಓದಿ ರುಜು ಹಾಕದೆ ಯಾವ ಕೋಡೂ ಒಳಗೆ ಹೋಗದು. "ಸರಿಯಾಗಿ ಓದೋ, ಔಷಧಿ ಮಂಪರಲ್ಲಿ ಬರೆದಿದ್ದೀನಿ" ಎಂದಿದ್ದ. ಅವನ ಬತ್ತಿದ ಮುಖ ನಗುವುದನ್ನು ನೋಡಬೇಕೆನಿಸಿ, ಕೂಡಲೇ "ಓದಿದೆ, ಸರಿಯಿದೆ" ಎಂದು ಬರೆದುಬಿಟ್ಟೆ. ನಕ್ಕ.

ತಿದ್ದುಪಡಿಯ ಜೊತೆ ನಾಳೆ ಹೊರಡುವ ಪ್ರಕಟಣೆಯ ಕರಡಿನಲ್ಲಿ, ತಪ್ಪು ಬರೆದವನೆಂದು ಅವನೊಬ್ಬನ ಹೆಸರಿತ್ತು. ಕೆಳಗೆ ನನ್ನದನ್ನು ಸೇರಿಸಿದೆ: ಪರಿಶೀಲಿಸಬೇಕಾದವನು ಓದಿರಲಿಲ್ಲ.

ನಾಳೆ ಮೂರು ಹೊಡೆದಾಗ ಇವೆಟಾಳ ಬಾಗಿಲಲ್ಲಿರುತ್ತೇನೆ. "ಅವನು ಕೇಳ್ಕೊಂಡಿದ್ದ ಇವೆಟಾ, ಸರಿಯಾಗಿ ಓದು ಅಂತ." ಇದಿಷ್ಟನ್ನು ಕನ್ನಡಿಯ ಮುಂದೆ ಹೇಳಿನೋಡಿದೆ. ಮೂರು ಬೀದಿಗೆ ಕೇಳುವ ಈ ಗಂಟಲಿನಿಂದ ಅದು ಪಿಸುಮಾತಾಗಿ ಹೊರಟಿತು; ಮತ್ತೆ ಮೊದಲಿನಿಂದ ಹೇಳಿನೋಡಿದೆ.