ಸರಸ್ವತಿಯ ಮುಂದಿಟ್ಟ ಪೇಜು

೨೪ ಆಗಸ್ಟ್ ೧೯೯೪, ಬುಧವಾರ

ಇವತ್ತೂ ಅಂಧೇರಿಯಿಂದ ಬಸ್ಸಿನಲ್ಲಿ ನಿಂತೇ ಬಂದದ್ದು. ಪವಾಯಿ ಕೆರೆ ತುಂಬಿದೆ. ಕಂಪ್ಯೂಟರ್ ಸೆಂಟರಿನ ಎ.ಸಿ.ಗೆ ಶಾಲು ಬೇಕು, ಮತ್ತೆ ಮರೆತೆ.

ಲೈಬ್ರರಿ ಕಾರ್ಡು ಟೈಪ್ ಮಾಡುತ್ತಿದ್ದೆ. ಸೆಂಟರಿನ ಮುಖ್ಯಸ್ಥ ಗೋಡ್ಬೋಲೆ ಸರ್ ಕರೆದರು. ಇನ್‌ಸ್ಟಿಟ್ಯೂಟಿಗೆ ವೆಬ್ ಪೇಜ್ ಬೇಕಂತೆ. ಹುಡುಗರಿಗೆ ಪ್ರೋಗ್ರಾಮ್ ಬರುತ್ತದೆ, ವಾಕ್ಯ ಬರುವುದಿಲ್ಲ. ನೀನು ಲಿಟರೇಚರ್ ಓದಿದವಳು, ನೀನು ಕಲಿ ಅಂದರು. ವೆಬ್ ಪೇಜ್ ಅಂದರೇನು ಅಂತ ಕೇಳಲು ನಾಚಿಕೆ. ತಲೆಯಾಡಿಸಿ ಬಂದೆ.

೨೯ ಆಗಸ್ಟ್

ಅಂಥ ಕಷ್ಟವೇನಲ್ಲ. ಮಾತಿನ ಹಿಂದೆ ಮುಂದೆ ಕೊಕ್ಕೆ ಹಾಕುವುದು. ಒಂದು ಕೊಕ್ಕೆಗೆ ತಲೆಬರಹ, ಇನ್ನೊಂದಕ್ಕೆ ಪ್ಯಾರಾ. ತೆರೆದ ಕೊಕ್ಕೆ ಮುಚ್ಚಬೇಕು. ಬೆಳಿಗ್ಗೆ ತಲೆಬರಹ ಮುಚ್ಚುವುದು ಮರೆತೆ — ಪುಟವೆಲ್ಲ ದಪ್ಪ ಅಕ್ಷರ. ಗೋಡ್ಬೋಲೆ ಸರ್ ಹಿಂದಿನಿಂದ ನೋಡಿ, "ಯಾರನ್ನ ಬೈತಿದ್ದೀಯ?" ಅಂದರು. ಕೊಕ್ಕೆ ಹುಡುಕಿ ಮುಚ್ಚಿದೆ.

ಏನು ಬರೆಯಲಿ ಅಂದೆ. "ಕುಛ್ ಭೀ. ಪ್ರ್ಯಾಕ್ಟೀಸ್ ಹೈ. ಕೌನ್ ಪಢೇಗಾ?"

ಏನಾದರೂ ಸರಿ, ಪ್ರ್ಯಾಕ್ಟೀಸ್ ತಾನೇ. ಯಾರು ಓದುತ್ತಾರೆ... ನಿಜ.

೧ ಸೆಪ್ಟೆಂಬರ್, ಗುರುವಾರ

ಮಾವ ಫೋರ್ಟಿನಿಂದ ಬರುವಾಗ ವಾರಪತ್ರಿಕೆ ತಂದರು. ಪ್ರತಿ ಗುರುವಾರ ಬ್ಯಾಂಕು ಮುಗಿಸಿ, ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕೊಂಡು, ಲೋಕಲ್ ರೈಲಿನಲ್ಲಿ ಮಡಿಸದೆ ತರುತ್ತಾರೆ. "ತಗೊಳಮ್ಮ ರಮಾಮಣಿ, ನಿನ್ನ ಧಾರಾವಾಹಿ" ಅಂತ ಅತ್ತೆಯ ಕೈಗೆ ಕೊಡುತ್ತಾರೆ. ಅತ್ತೆ ಕನ್ನಡಕ ಹಾಕಿಕೊಂಡು ಬಾಲ್ಕನಿಗೆ. ಆಮೇಲೆ ದೀಪ ಹಚ್ಚುವ ತನಕ ಅವರನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಮಾವ ಕಾಫಿ ತಾವೇ ಬಿಸಿ ಮಾಡಿಕೊಳ್ಳುತ್ತಾರೆ.

ಅತ್ತೆಗೆ ಓದಲು ಬರುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ. ಅಪ್ಪನ ದೊಡ್ಡಪ್ಪನ ಮಗಳು ಇವರು. ನಾನು ಕೆಲಸಕ್ಕೆಂದು ಇವರ ಮನೆಗೆ ಬಂದಿಳಿದ ಹೊಸದು. ಧಾರಾವಾಹಿಯ ಕಥೆ ಹೇಳಿದರು. ಚಿತ್ರ ತೋರಿಸಿ, "ಮಾಲಿನಿ ಅಳ್ತಾ ಇಲ್ಲ ಕಣೇ, ಇಂಜಿನ್ ಹೊಗೆ ಕಣ್ಣಿಗೆ ಬಿದ್ದಿದೆ. ಗಂಡನ ಮನೆ ಬಿಟ್ಟು ಬಂದು ಬೊಂಬಾಯಿಲಿ ಇಳಿದಿದ್ದಾಳೆ" ಅಂದರು. ಆಮೇಲೆ ನಾನು ಓದಿದೆ. ಪತ್ರಿಕೆಯಲ್ಲಿ ಮಾಲಿನಿ ಬೊಂಬಾಯಿಗೆ ಬಂದೇ ಇಲ್ಲ. ಮಂಡ್ಯದ ಸ್ಟೇಷನ್ನಿನಲ್ಲಿ ಕೂತು ಅಳುತ್ತಿದ್ದಾಳೆ.

ನನ್ನ ಮುಖ ನೋಡಿ ಅತ್ತೆಗೆ ತಿಳಿಯಿತು. ಅಡುಗೆಮನೆಗೆ ಕರೆದು ನಲ್ಲಿ ಬಿಟ್ಟರು. ನೀರಿನ ಸದ್ದಿನಲ್ಲಿ ಹೇಳಿದರು: "ಲಗ್ನದ ಮಾತುಕತೇಲಿ ನಮ್ಮಪ್ಪ ಹುಡುಗಿ ಎಲ್ಲೆಸ್ ಪರೀಕ್ಷೆ ಪಾಸು ಅಂದುಬಿಟ್ರು. ಇವರು ಅದನ್ನೇ ನಂಬಿದಾರೆ. ಬಾಯಿ ಬಿಡಬೇಡ ಕಣೆ."

ನಾನು ಓದಿ ಹೇಳಲಾ, ಅಕ್ಷರ ಕಲಿಸಲಾ ಅಂದೆ. "ಬೇಡ. ನಂದೇ ಚೆನ್ನಾಗಿದೆ."

೭ ಸೆಪ್ಟೆಂಬರ್

ಬರೆದೆ. ಅದನ್ನೇ.

ಬೇರೇನಾದರೂ ಬರೆಯಬಹುದಿತ್ತು. ಕೆರೆ, ಲೋಕಲ್, ಏನಾದರೂ. ಆದರೆ ಕೂತ ಕೂಡಲೇ ಬಂದದ್ದು ಅತ್ತೆ, ಬಾಲ್ಕನಿ, ಮಂಡ್ಯದ ಸ್ಟೇಷನ್ನು ಬೊಂಬಾಯಿ ಆದದ್ದು. ಈ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದೆ. ಸೆಂಟರಿನಲ್ಲಿ ಮರಾಠಿ ಇದ್ದಾರೆ, ತಮಿಳು, ಬಂಗಾಳಿ ಇದ್ದಾರೆ, ಕನ್ನಡದವರು ಒಬ್ಬರೂ ಇಲ್ಲ. ಬೀಗ ಹಾಕಿದ ಹಾಗೇ.

ಮಾದರಿ ಪೇಜಿನಲ್ಲಿ ಕೊನೆಗೆ ಹೆಸರು, ಊರು ಇತ್ತು. ಹಾಕಿದೆ. ಶಾಮಲಾ, ಸಾಂತಾಕ್ರೂಜ್, ಬೊಂಬಾಯಿ; ಕೆಳಗೆ ಸೆಂಟರಿನ ಈ-ಮೇಲ್ ವಿಳಾಸ. ಕೊಕ್ಕೆ ಎಲ್ಲ ಮುಚ್ಚಿದೆಯಾ ಅಂತ ಎರಡು ಸಲ ನೋಡಿದೆ.

ಚೆನ್ನಾಗಿ ಬಂದಿದೆ. ಕಾಲೇಜಿನಲ್ಲಿ ಬರೆದ ಯಾವುದೂ ಇಷ್ಟು ಚೆನ್ನಾಗಿರಲಿಲ್ಲ. ಬಸ್ಸಿನಲ್ಲಿ ನಗುತ್ತಾ ಬಂದೆ.

೮ ಸೆಪ್ಟೆಂಬರ್, ಗುರುವಾರ

ಅತ್ತೆ ಬಾಲ್ಕನಿಯಲ್ಲಿ. ಅವರನ್ನು ನೋಡಲಾಗಲಿಲ್ಲ. ತಲೆನೋವು ಅಂತ ಒಳಗೆ ಮಲಗಿದೆ. ಅಮೃತಾಂಜನ ತಂದು ಹಚ್ಚಿದರು.

೨೧ ಸೆಪ್ಟೆಂಬರ್

ಈ-ಮೇಲ್ ಬಂದಿದೆ. ನನಗೆ. ವೆಂಕಟಸುಬ್ಬಯ್ಯ ಅಂತ, ಇಂಗ್ಲೆಂಡಿನಲ್ಲಿ ಪಾಠ ಹೇಳುವವರು. ಇಂಗ್ಲಿಷ್ ಅಕ್ಷರದ ಕನ್ನಡ.

"ತಾಯಿ, ಬೊಂಬಾಯಿಯ ಇನ್‌ಸ್ಟಿಟ್ಯೂಟ್ ಏನು ಹಾಕಿದೆ ಅಂತ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ 'ನಮ್ಮ ಅತ್ತೆ' ಅಂತ ಕಂಡಿತು. ಈ ಯಂತ್ರದಲ್ಲಿ ನಾನು ಕನ್ನಡ ಕಂಡದ್ದು ಇದೇ ಮೊದಲು. ನನ್ನ ತಾಯಿಗೂ ಓದು ಬರುತ್ತಿರಲಿಲ್ಲ."

ಗೋಡ್ಬೋಲೆ ಸರ್ ಎಲ್ಲರ ಪ್ರ್ಯಾಕ್ಟೀಸ್ ಪೇಜಿಗೂ ಮುಖ್ಯ ಪೇಜಿನಿಂದ ದಾರಿ ಕೊಟ್ಟಿದ್ದಾರಂತೆ. ನನಗೆ ಹೇಳಿದ್ದರು. ಅರ್ಥ ಆಗಿರಲಿಲ್ಲ, ತಲೆಯಾಡಿಸಿದ್ದೆ.

ಬೀಗ ಅಂದುಕೊಂಡಿದ್ದೆ. ಕನ್ನಡಕ್ಕೆ ಹಸಿದು ಕೂತವರು ಅಷ್ಟು ದೂರದಿಂದಲೂ ವಾಸನೆ ಹಿಡಿಯುತ್ತಾರೆ ಅಂತ ಹೊಳೆದಿರಲಿಲ್ಲ.

ನಾಚಿಕೆಯ ಮಾತು: ಮೊದಲು ಖುಷಿಯಾಯಿತು. ಭಯ ಬಂದದ್ದು ಊಟ ಆದಮೇಲೆ.

೨೮ ಸೆಪ್ಟೆಂಬರ್

ಪ್ಲೇಗ್ ಅಂತ ಲೋಕಲ್‌ನಲ್ಲಿ ಎಲ್ಲರ ಮೂಗಿಗೂ ಕರ್ಚೀಫು. ನನಗೂ ಒಳ್ಳೆಯದೇ, ಮುಖ ಕಾಣುವುದಿಲ್ಲ.

ಅವರ ಇನ್ನೊಂದು ಮೇಲ್. ಪ್ರಿಂಟ್ ತೆಗೆದು ಗೆಳೆಯರಿಗೆಲ್ಲ ಅಂಚೆಯಲ್ಲಿ ಕಳಿಸಿದ್ದಾರೆ. "ನಿಮ್ಮ ಸಾಂತಾಕ್ರೂಜಿನ ಕನ್ನಡ ಸಂಘದ ಸತ್ಯಮೂರ್ತಿಗೂ ಕಳಿಸಿದೆ. ಅವನು ನಿಮ್ಮನ್ನು ಹುಡುಕುತ್ತಾನೆ."

ಸತ್ಯಮೂರ್ತಿ ನಮ್ಮ ಪಕ್ಕದ ಬಿಲ್ಡಿಂಗು. ಮಾವನ ಜೊತೆ ದಿನಾ ಅದೇ ಲೋಕಲ್.

ಪೇಜ್ ಅಳಿಸಿದೆ. ಒಂದೇ ಆಜ್ಞೆ ಸಾಕು, ಹೋಯಿತು. ಅಂಚೆಗೆ ಬಿದ್ದದ್ದು ಹೋಗಲಿಲ್ಲ.

೧೦ ಅಕ್ಟೋಬರ್

ಗೊಂಬೆ ನೋಡಲು ದಿನಾ ಹೆಂಗಸರು. ಬಾಗಿಲು ತಟ್ಟಿದಾಗೆಲ್ಲ ನಾನೇ ಓಡಿ ಹೋಗಿ ತೆಗೆಯುತ್ತೇನೆ. ಸತ್ಯಮೂರ್ತಿ ಬಂದಿಲ್ಲ. ಅಂಚೆ ತಪ್ಪಿರಬಹುದು...

ನಾಳೆ ಸರಸ್ವತಿ ಪೂಜೆ. ಮನೆಯ ಪುಸ್ತಕವೆಲ್ಲ ದೇವರ ಮುಂದೆ. ವಿಜಯದಶಮಿ ಬೆಳಿಗ್ಗೆ ಎತ್ತುವ ತನಕ ಓದಬಾರದು, ಬರೆಯಬಾರದು. ಅತ್ತೆ ಉತ್ಸಾಹದಲ್ಲಿದ್ದಾರೆ. "ನಿನ್ನ ಡೈರೀನೂ ಕೊಡು, ಕಳ್ಳಿ." ಓದಬೇಕಾದ ಭಯವಿಲ್ಲದ ದಿನಗಳು ಅವರಿಗೆ ವರ್ಷದಲ್ಲಿ ಇವಿಷ್ಟೇ.

೧೨ ಅಕ್ಟೋಬರ್, ಆಫೀಸ್, ಮಧ್ಯಾಹ್ನ

ಬರೆಯಬಾರದು. ಹಳೇ ಪ್ರಿಂಟೌಟಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಮಂಗಳಾರತಿ ಹೊತ್ತಿಗೆ ಸತ್ಯಮೂರ್ತಿ ಬಂದರು. ಕೈಯಲ್ಲಿ ಲಕೋಟೆ.

"ಏನ್ ಕೇಶವಮೂರ್ತಿಗಳೇ, ಮನೇಲಿ ಲೇಖಕಿ ಇಟ್ಕೊಂಡು ಸುಮ್ಮನಿದ್ದೀರಲ್ಲ. ಇಂಗ್ಲೆಂಡಿಗೆ ಹೋಗಿ ನಿಮ್ಮನೆ ಸುದ್ದಿ ವಾಪಸ್ ಬಂದಿದೆ."

"ನಮ್ಮನೆ ಸುದ್ದೀನಾ?"

"ನಿಮ್ಮ ಮನೆಯವರ ಮೇಲೇ ಬರ್ದಿದ್ದಾಳೆ ಕಣ್ರೀ. ಬಾಲ್ಕನಿ, ತುಳಸಿ, ವಾರಪತ್ರಿಕೆ... ನಾನು ಅಷ್ಟೇ ಓದಿದ್ದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ತಲೆ ತಿರುಗಿಬಿಡ್ತು."

ಮಾವ ನನ್ನ ಕಡೆ ನೋಡಿ ನಕ್ಕರು, ಎಷ್ಟು ಹೆಮ್ಮೆಯಿಂದ. ಹಾಳೆಗಳನ್ನು ಅತ್ತೆಗೆ ಚಾಚಿದರು. "ನಿನ್ನ ಬಗ್ಗೆ ಅಂತೆ. ನೀನೇ ಮೊದಲು ಓದು."

ಅತ್ತೆ ಕೈಯೊರೆಸಿಕೊಂಡು ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡು ಪುಸ್ತಕದ ರಾಶಿಯ ಮೇಲಿಟ್ಟು, ಹೂವಿಟ್ಟರು. "ಇವತ್ತು ಓದೋ ಹಾಗಿದೆಯೇನ್ರೀ? ದಶಮಿ ದಿನ ನೋಡೋಣ." ಎಲ್ಲರೂ ನಕ್ಕರು. ಮೂವತ್ತು ವರ್ಷ ಹೀಗೇ ದಾಟಿದ್ದಾರೆ ಅಂತ ಆಗ ಕಣ್ಣಾರೆ ಕಂಡೆ.

ಆಮೇಲೆ ಅಡುಗೆಮನೆಯಲ್ಲಿ, "ಏನೇ ಬರ್ದಿದ್ದೀಯ ನನ್ನ ಮೇಲೆ?"

"ಬಾಲ್ಕನಿ... ತುಳಸಿ ಗಿಡ..."

"ಒಳ್ಳೇದಾಗಿ ಬರ್ದಿದ್ದೀಯ ತಾನೇ?"

ಹೂಂ ಅಂದೆ. ಅವರಿಗೆ ಸಂತೋಷವಾಯಿತು. ಗೊಂಬೆಗೆ ಬಂದವರಿಗೆ ಹಂಚುವ ಚರ್ಪಿನ ಪಾಕ ಸೌಟಿನಲ್ಲಿ ಬಳಿದು ನನ್ನ ಅಂಗೈಗೆ ಹಾಕಿದರು.

ನನ್ನ ಡೈರಿ, ಆ ಹಾಳೆ, ಎರಡೂ ಒಂದೇ ರಾಶಿಯಲ್ಲಿವೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹೋಗಿ ನಿಂತೆ. ಹಾಳೆ ಎಳೆದುಬಿಡಬಹುದಿತ್ತು. ಪೂಜೆಗಿಟ್ಟದ್ದು. ಕೈ ಹೋಗಲಿಲ್ಲ.

೧೪ ಅಕ್ಟೋಬರ್, ವಿಜಯದಶಮಿ

ಡೈರಿ ಕೈಗೆ ಬಂತು. ಮೇಲೆ ಕುಂಕುಮದ ಬೆರಳು.

ಪುಸ್ತಕ ಎತ್ತಿದ ಮೇಲೆ ಎಲ್ಲರೂ ಒಂದೊಂದು ಸಾಲು ಓದುವ ಪದ್ಧತಿ. ಅತ್ತೆ ಸ್ತೋತ್ರದ ಪುಸ್ತಕ ಹಿಡಿದು ಬಾಯಿಪಾಠ ಒಪ್ಪಿಸುತ್ತಾರೆ. ಇವತ್ತು ಮಾವ ಬಿಡಲಿಲ್ಲ. ಸತ್ಯಮೂರ್ತಿಯೂ ಬಂದು ಕೂತಿದ್ದರು.

"ಇಂಗ್ಲಿಷ್ ಅಕ್ಷರ ನನಗೆಲ್ಲಿ ಬರಬೇಕು, ನೀವೇ ಓದಿ," ಅಂದರು ಅತ್ತೆ, ಸಲೀಸಾಗಿ. ನೆಮ್ಮದಿಯಾಗಿ ಕೂತರು, ತಮ್ಮ ಕಥೆ ಕೇಳಲು.

ನಾನೇ ಓದುತ್ತೇನೆ ಅನ್ನಬೇಕಿತ್ತು. ಓದುತ್ತಾ ಬೇರೆ ಏನೋ ಕಟ್ಟಿ ಹೇಳಬಹುದಿತ್ತು. ಅತ್ತೆಯಾಗಿದ್ದರೆ ಹೇಳುತ್ತಿದ್ದರು.

ಮಾವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ತಮ್ಮಷ್ಟಕ್ಕೆ ತುಟಿಯಾಡಿಸಿದರು. ಮುಗುಳ್ನಕ್ಕರು. ತುಟಿ ನಿಂತಿತು. ಕಣ್ಣು ಮಾತ್ರ ಕೆಳಗಿಳಿಯುತ್ತಿತ್ತು. ಕನ್ನಡಕ ತೆಗೆದು ಹಾಳೆ ಮಡಿಸಿದರು.

"ನನಗೂ ಆಗಲ್ಲ ಕಣ್ರೀ ಸತ್ಯಮೂರ್ತಿ. ಅಕ್ಷರವೆಲ್ಲ ಇರುವೆ ಥರ ಹರೀತವೆ. ಕಣ್ಣುರಿ."

ಅದು ಅತ್ತೆಯ ಮಾತು. ಇರುವೆ, ಕಣ್ಣುರಿ, ಎಲ್ಲ. ಅಂಗಡಿ ಚೀಟಿ, ಮದುವೆ ಕಾಗದ ಏನೇ ಬಂದರೂ ಅವರು ಹೇಳುವ ಮಾತು.

ಅತ್ತೆ ತಟ್ಟನೆ ತಲೆಯೆತ್ತಿದರು. ಮಾವನನ್ನು ನೋಡಿದರು. ಆಮೇಲೆ ನನ್ನನ್ನು.

"ಪಾಯಸ ಆರತ್ತೆ, ಏಳಿ," ಅಂದರು.

೨೦ ಅಕ್ಟೋಬರ್, ಗುರುವಾರ

ಆರು ದಿನ ಅತ್ತೆಯದು ನನ್ನ ಜೊತೆ ಬೇಕಾದಷ್ಟೇ ಮಾತು. ಡಬ್ಬಿ ತಗೋ. ಛತ್ರಿ ತಗೋ.

ಮಾವ ಪತ್ರಿಕೆ ತಂದರು. ಕೈಗೆ ಕೊಡಲಿಲ್ಲ. ಬಾಲ್ಕನಿಗೆ ಇನ್ನೊಂದು ಕುರ್ಚಿ ಹಾಕಿಕೊಂಡರು. "ನಾನೂ ಈ ಧಾರಾವಾಹಿ ಶುರು ಮಾಡ್ತೀನಿ. ಜೋರಾಗಿ ಓದಿದ್ರೆ ತಲೆಗೆ ಹತ್ತತ್ತೆ, ಕೇಳಿಸ್ಕೋ." ಬ್ಯಾಂಕಿನ ಸರ್ಕ್ಯುಲರ್ ಓದುವ ಹಾಗೆ, ಒಂದೇ ದನಿಯಲ್ಲಿ, ಪೂರ್ತಿ ಓದಿದರು. ಒಂದು ಅಕ್ಷರ ಬಿಡಲಿಲ್ಲ.

ಬಾಗಿಲ ಹಿಂದೆ ನಿಂತು ಕೇಳಿದೆ. ಮಾವ ಇಷ್ಟು ಒಳ್ಳೆಯವರು. ಎಲ್ಲ ಸರಿಹೋಯಿತು ಅನ್ನಿಸಿತು. ಅಳು ಬಂತು, ಹಗುರಾದ ಅಳು.

ಅತ್ತೆ ಕನ್ನಡಕವನ್ನು ಸೆರಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟರು.

೨೭ ಅಕ್ಟೋಬರ್, ಗುರುವಾರ, ಸಂಜೆ

ಮಾವ ಇವತ್ತೂ ಓದಿದರು. ಮಾಲಿನಿ ಗಂಡನ ಮನೆಗೆ ವಾಪಸ್ ಹೋದಳು.

"ಹೋಗಿಬಿಟ್ಟಳಾ?" ಅಂತ ಅತ್ತೆ. ಅಷ್ಟೇ ಕೇಳಿಸಿದ್ದು.

ಮಾವ ತರಕಾರಿಗೆ ಹೋದ ಮೇಲೆ ಅತ್ತೆ ಒಳಗೆ ಬಂದು ನನ್ನ ಮಂಚದ ತುದಿಯಲ್ಲಿ ಕೂತರು. ಈಗಲೂ ಕೂತಿದ್ದಾರೆ. ನಾನು ಬರೆಯುತ್ತಲೇ ಇದ್ದೇನೆ, ತಲೆಯೆತ್ತಲು ಧೈರ್ಯವಿಲ್ಲ.

"ಪಾಪ, ಓದಿ ಹೇಳ್ತಾರೆ. ಒಳ್ಳೇದೇ," ಅಂದರು. "ಆದ್ರೆ ಮೊದಲು ನಾನು ಓದ್ತಾ ಇದ್ದೆ ಕಣೇ ಶಾಮಲಾ. ನಾನು ಓದಿದ್ರಲ್ಲಿ ಅವಳು ಬೊಂಬಾಯಿಲೇ ಇದ್ಲು. ಕೆಲಸಕ್ಕೆ ಸೇರಿದ್ಲು."

ತಪ್ಪಾಯ್ತು ಅತ್ತೆ ಅಂದೆ. ಅತ್ತೆ ಡೈರಿಯ ಕಡೆ ಬಗ್ಗಿದರು.

"ಈಗೇನು ಬರೀತಿದ್ದೀಯ?"

ಏನಿಲ್ಲ ಅಂದೆ.

"ಅವತ್ತಿಂದು ಎಲ್ಲರೂ ಓದಿದ್ರು. ಇಂಗ್ಲೆಂಡಿನವರು ಓದಿದ್ರು, ಇವರು ಓದಿದ್ರು. ನಾನೊಬ್ಬಳೇ ಬಾಕಿ." ಡೈರಿಯ ಅಂಚಿಗೆ ಬೆರಳಿಟ್ಟರು. "ಇದ್ರಲ್ಲೂ ಇದೀನಲ್ಲ? ಓದು. ಕಟ್ಟಿ ಹೇಳಬೇಡ, ಇದ್ದ ಹಾಗೆ ಓದು."

ಎಲ್ಲಿಂದ ಅತ್ತೆ, ಅಂದೆ.

"ಮೊದಲಿಂದ—"